ನೆಟ್ ಹೋಗಿಲ್ಲ, ನಾನೇ ನಿಂತಿದ್ದೇನೆ

ಜೂನ್ ೭, ಶನಿವಾರ. ಮಧ್ಯಾಹ್ನ ೧೨

ಕೇಳಿರಿ, ಕೇಳಿರಿ! ಮುಂದಿನ ಸಾಲಿನ ಮಹನೀಯರೇ, ಹಿಂದಿನ ಚಾಪೆಯ ಮಹಾಜನರೇ, ಕಂಬಕ್ಕೆ ಒರಗಿ ನಿಂತ ತಾಯಂದಿರೇ! ಈ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಕಿಕ್ಕಿರಿದು ನೆರೆದಿರುವ... ಯಾರೂ ಇಲ್ಲ. ಗೊತ್ತು. ಆದರೂ ಸಭೆಗೆ ವಂದಿಸದೆ ಬಾಯಿ ತೆರೆದು ಅಭ್ಯಾಸವಿಲ್ಲ. ನಾಟಕ ಕಂಪನಿಯ ಡೇರೆಯಲ್ಲಿ ಹುಟ್ಟಿದವನು. ಅಮ್ಮ ರಾಣಿಯ ಪಾತ್ರ, ಅಪ್ಪ ಖಳನಾಯಕ. ತೊಟ್ಟಿಲಲ್ಲಿ ಅತ್ತರೂ ಕೊನೆಯ ಸಾಲಿಗೆ ಕೇಳಿಸಬೇಕು ಎಂಬುದು ನಮ್ಮ ಮನೆಯ ನಿಯಮವಾಗಿತ್ತು.

ಇವತ್ತಿನ ಆಟ: ಹುಲಿ ಮತ್ತು ಅಂಬಿಗ. ರಂಗಸ್ಥಳ: ನಮ್ಮ ಮನೆಯ ಮುಂದಿನ ಕೋಣೆ. ಅಕ್ಕನ ಹೊಲಿಗೆ ಯಂತ್ರದ ಮೇಲೆ ಲೈಬ್ರರಿಯವರು ಕೊಟ್ಟ ಲ್ಯಾಪ್‌ಟಾಪ್. ಅದರ ಕೆಳಗೆ ಮೂರು ನಿಘಂಟು. ಇಲ್ಲದಿದ್ದರೆ ಮಕ್ಕಳಿಗೆ ನನ್ನ ಮೂಗಿನ ಹೊಳ್ಳೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಲೈಬ್ರರಿಯ ಮಕ್ಕಳ ಹಾಲ್ ಸೋರಿ, ಮಾಳಿಗೆ ರಿಪೇರಿ ನಡೆಯುತ್ತಿದೆ. ಅದು ಮುಗಿಯುವತನಕ ಶನಿವಾರ, ಭಾನುವಾರದ ಹತ್ತು ಗಂಟೆಯ ಕಥೆ ವಿಡಿಯೊ ಕಾಲ್‌ನಲ್ಲೇ.

ಕಥೆ ತುದಿಗೇರಿತು. ನಡುಹೊಳೆ. ದೋಣಿಯ ಆ ಕೊನೆಯಲ್ಲಿ ಹುಲಿ, ಈ ಕೊನೆಯಲ್ಲಿ ಅಂಬಿಗ. ಹುಟ್ಟು ಎತ್ತಿದೆ — ಹುಟ್ಟು ಅಂದರೆ ನನ್ನ ಕೊಡೆ. "ಬಾ, ಎಲೈ ವ್ಯಾಘ್ರವೇ!" ಎಂದು ಗರ್ಜಿಸಿ ನಿಂತುಬಿಟ್ಟೆ. ಶಿಲೆ! ಕಂಪನಿಯಲ್ಲಿ ಇದಕ್ಕೆ ಟ್ಯಾಬ್ಲೋ ಅನ್ನುತ್ತಿದ್ದೆವು. ಅಂಕ ಮುಗಿಯುವಾಗ ಇದ್ದ ಭಂಗಿಯಲ್ಲೇ ಅಲುಗದೆ ನಿಲ್ಲುವುದು. ಪರದೆ ಇಳಿಯುವತನಕ ರೆಪ್ಪೆ ಬಡಿಯುವಂತಿಲ್ಲ. ಐದು ಎಣಿಸುವಷ್ಟರಲ್ಲಿ ಜನರ ಉಸಿರು ನಿಲ್ಲಬೇಕು, ಹತ್ತಕ್ಕೆ ಚಪ್ಪಾಳೆ ಸಿಡಿಯಬೇಕು. ಅರವತ್ತು ವರ್ಷದಲ್ಲಿ ಒಮ್ಮೆಯೂ ಕೈಕೊಟ್ಟಿಲ್ಲ; ವಿಡಿಯೊ ಕಾಲ್‌ನಲ್ಲಿ ಮಾತ್ರ ಇದೇ ಮೊದಲು.

ಐದು ಎಣಿಸಿದೆ. ಹತ್ತು. ಹದಿನೈದು... ಪರದೆಯಲ್ಲಿ ಮೂವತ್ತೊಂದು ಮಕ್ಕಳ ಮೂವತ್ತೊಂದು ಚೌಕ. ಒಂದೊಂದಾಗಿ ಆರತೊಡಗಿದವು. ಇಪ್ಪತ್ತಕ್ಕಿಳಿಯಿತು. ಹದಿಮೂರಕ್ಕಿಳಿಯಿತು. ಕೊನೆಗೆ ಒಂಬತ್ತು! ಹುಲಿಗೆ ಹೆದರದ ಅಂಬಿಗ ಬೆವೆತುಹೋದ.

ಫೋನ್ ಬಡಿದುಕೊಂಡಿತು. ಲೈಬ್ರರಿ ಮೇಡಂ.

"ಸರ್, ನಿಮ್ಮ ನೆಟ್ ಹೋಗಿದೆ!"

"ನೆಟ್ ಹೋಗಿಲ್ಲ ತಾಯಿ, ನಾನೇ ನಿಂತಿದ್ದೀನಿ!"

"ಅದೇ ಸರ್, ನಿಂತುಬಿಟ್ಟಿದೆ. ಮಕ್ಕಳೆಲ್ಲ ಆಚೆ ಹೋಗಿ ಮತ್ತೆ ಸೇರ್ತಾ ಇದ್ದಾರೆ. ನೀವೂ ಒಂದ್ಸಲ ಆಫ್ ಮಾಡಿ ಆನ್ ಮಾಡಿ."

ಮೂಲೆಯ ಕುರ್ಚಿಯಲ್ಲಿದ್ದ ಅಕ್ಕ ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡಳು. ಕಂಪನಿಯಲ್ಲಿ ನಲವತ್ತು ವರ್ಷ ಪ್ರಾಂಪ್ಟರ್ ಆಗಿದ್ದವಳು. ಮರೆಯಲ್ಲಿ ನಿಂತು, ಮರೆತ ಮಾತು ಎತ್ತಿಕೊಡುವ ಕೆಲಸ. ಈಗ ಎತ್ತಿ ಆಡುವ ಕೆಲಸ.

"ಏನೋ ತಮ್ಮಾ, ಖಾಲಿ ಡೇರೆಗೆ ಆಡಿದ್ದು ನೋಡಿದ್ದೆ. ಆಡ್ತಾ ಆಡ್ತಾ ಡೇರೆ ಖಾಲಿ ಮಾಡಿಸಿದ್ದು ಇದೇ ಮೊದಲು ಕಣೋ!"

ಜೂನ್ ೯, ಸೋಮವಾರ. ಸಂಜೆ ೫

ಮೇಡಂ ಮನೆಗೇ ಬಂದರು. ಕೈಯಲ್ಲಿ ಒಂದು ಹಾಳೆ. ಮುಖ ಸಪ್ಪೆ.

ಈ ವಿಡಿಯೊ ಕಾಲ್‌ನ ಆಪ್ ಚಾಡಿಕೋರ! ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು — ಎಲ್ಲ ಬರೆದಿಟ್ಟು ಲೈಬ್ರರಿ ಇಲಾಖೆಯ ಸಾಹೇಬರಿಗೆ ತಾನೇ ರಿಪೋರ್ಟ್ ಕಳಿಸುತ್ತದಂತೆ. ಶನಿವಾರದ ರಿಪೋರ್ಟ್: ಹತ್ತು ಗಂಟೆ ಹದಿನಾಲ್ಕು ನಿಮಿಷಕ್ಕೆ ಇಪ್ಪತ್ತೆರಡು ಮಕ್ಕಳು ಹೊರನಡೆದರು. ಪಕ್ಕದಲ್ಲಿ ಸಾಹೇಬರ ಟಿಪ್ಪಣಿ: 'ಕಥೆಯ ಮುಖ್ಯ ಘಟ್ಟದಲ್ಲೇ ಮಕ್ಕಳು ಆಸಕ್ತಿ ಕಳೆದುಕೊಂಡಿದ್ದಾರೆ.'

"ಆಸಕ್ತಿ ಕಳ್ಕೊಂಡಿಲ್ಲ, ನೆಟ್ ಹೋಯ್ತು ಅಂದ್ಕೊಂಡ್ರು ಅಂತ ಹೇಳಬಾರದಿತ್ತಾ?" ಅಂದೆ.

"ಹೇಳ್ದೆ ಸರ್. ಹಾಗಾದ್ರೆ ರೆಕಾರ್ಡಿಂಗೇ ವಾಸಿ, ಅದರಲ್ಲಿ ನೆಟ್ ಹೋಗೋ ತಾಪತ್ರಯ ಇಲ್ಲ ಅಂದ್ರು. ನಿಮ್ಮ ಹತ್ತು ಕಥೆ ಸ್ಟುಡಿಯೋದಲ್ಲಿ ತೆಗೆದು ಎಲ್ಲಾ ಲೈಬ್ರರಿಗೂ ಕಳಿಸ್ತಾರಂತೆ."

"ಆಮೇಲೆ?"

"ಆಮೇಲೆ... ನೀವು ಬರಬೇಕಾಗಿಲ್ಲ. ಹಾಲ್ ರಿಪೇರಿ ಆದ ಮೇಲೂ. ಅಲ್ಲಿ ಟಿವಿ ಹಾಕ್ತಾರೆ."

ಸಾಹೇಬರು ಇಪ್ಪತ್ತೆಂಟರ ಶನಿವಾರ ಖುದ್ದು ಕಾಲ್‌ಗೆ ಬಂದು ನೋಡುತ್ತಾರೆ. ಅವತ್ತೇ ಮಾದರಿಗೆ ಒಂದು ರೆಕಾರ್ಡಿಂಗ್ ಕೂಡ ಆಗಬೇಕು. ನೋಡಿ ತೀರ್ಮಾನ.

ಮೇಡಂ ಹೋದ ಮೇಲೆ ಅಕ್ಕ ಏನೂ ಹಂಗಿಸಲಿಲ್ಲ. ಅದೇ ಹೆದರಿಕೆ ಹುಟ್ಟಿಸಿತು.

ನಾಲ್ಕು ವರ್ಷದವನಿದ್ದಾಗಿನಿಂದ ಎದುರಿಗೆ ಜನರಿದ್ದಾರೆ. ಗೋಡೆಗೆ, ಕ್ಯಾಮೆರಾಗೆ ನನಗೆ ಕಥೆ ಹೇಳಲು ಬರುವುದಿಲ್ಲ. ಬಿಂಕವಲ್ಲ. ನಿಜವಾಗಿ ಬರುವುದಿಲ್ಲ.

ಜೂನ್ ೧೪, ಶನಿವಾರ. ೧೧.೩೦

ಹೊಸ ಕ್ರಮ. ನಿಲ್ಲಲಿಲ್ಲ. ಎಲ್ಲೂ ನಿಲ್ಲಲಿಲ್ಲ! ಎತ್ತಿದ ಕೈ ಇಳಿಸುತ್ತಲೇ ಇದ್ದೆ, ಇಳಿಸಿದ್ದನ್ನು ಎತ್ತುತ್ತಲೇ ಇದ್ದೆ. ತಲೆ ಅಲ್ಲಾಡಿಸಿ ಅಲ್ಲಾಡಿಸಿ ಕತ್ತು ಹಿಡಿದುಕೊಂಡಿದೆ. ರಾಕ್ಷಸನ ಅಟ್ಟಹಾಸವನ್ನೂ ಬಿಟ್ಟೆ — ಅಟ್ಟಹಾಸ ಮಾಡಿದಾಗಲೆಲ್ಲ ಮಕ್ಕಳು 'ತಾತ, ನಿಮ್ಮ ಬಾಯಿ ಆಡ್ತಿದೆ, ಶಬ್ದ ಇಲ್ಲ' ಎಂದು ಬರೆದು ಕಳಿಸುತ್ತಾರೆ. ಯಾಕೋ ತಿಳಿಯದು.

ಒಬ್ಬರೂ ಎದ್ದು ಹೋಗಲಿಲ್ಲ. ಒಬ್ಬರೂ ನಗಲೂ ಇಲ್ಲ. ನಕ್ಕಿದ್ದರೂ ನನಗೆ ಕೇಳಿಸುವುದಿಲ್ಲ ಬಿಡಿ. ಎಲ್ಲರೂ ಮ್ಯೂಟ್. ಮೂವತ್ತೊಂದು ಬಾಯಿ ತೆರೆದು ಮುಚ್ಚುತ್ತವೆ, ಗಾಜಿನ ತೊಟ್ಟಿಯ ಮೀನಿನ ಹಾಗೆ. ಎಲ್ಲಿ ನಗು ಬಂತು, ಎಲ್ಲಿ ಆಕಳಿಕೆ ಬಂತು — ಊಹೆಯ ಮೇಲೆ ದೋಣಿ ನಡೆಸಬೇಕು.

ಕೊನೆಗೆ ಒಬ್ಬಳು ಕೈ ಎತ್ತಿದಳು. ಮುಂದಿನ ಎರಡು ಹಲ್ಲಿಲ್ಲದ ಎಂಟರ ಪೋರಿ. ನನ್ನ ಮಟ್ಟಿಗೆ ಅವಳ ಹೆಸರು ವಕೀಲಮ್ಮ. ಪಾಟೀಸವಾಲು ಹಾಕದೆ ಯಾವ ಕಥೆಯನ್ನೂ ಬಿಟ್ಟವಳಲ್ಲ.

"ತಾತ, ನಿಮಗೆ ಹುಷಾರಿಲ್ವಾ?"

"ಯಾಕೆ ಪುಟ್ಟಿ?"

"ಇವತ್ತು ನೀವು ಬಸ್‌ಸ್ಟ್ಯಾಂಡ್ ಮೈಕ್ ಥರ ಮಾತಾಡಿದ್ರಿ."

ಅಕ್ಕ ಮೂಲೆಯಿಂದ, "ಮಗು ಸರಿಯಾಗಿ ಹೇಳ್ತು" ಅಂದಳು. ಅದು ಮಾತ್ರ ಮೂವತ್ತೊಂದು ಮನೆಗೂ ಸ್ವಚ್ಛವಾಗಿ ಕೇಳಿಸಿತಂತೆ.

ಜೂನ್ ೧೭, ಮಂಗಳವಾರ. ಬೆಳಿಗ್ಗೆ ೧೧

ಆಹಾ! ಇವತ್ತು ಶತ್ರುವಿನ ಶಿಬಿರದಿಂದಲೇ ದೂತೆ!

ಪ್ರತಿ ಕಾಲ್ ಮುಗಿದಾಗ ಆಪ್ ಕೇಳುತ್ತದೆ: ಹೇಗಿತ್ತು, ಎಷ್ಟು ನಕ್ಷತ್ರ ಕೊಡುತ್ತೀರಿ? ಆರು ವಾರದಿಂದ ಒಂದೇ ಒಂದು ನಕ್ಷತ್ರ ಕೊಟ್ಟು, ಕೆಳಗಿನ ಡಬ್ಬಿಯಲ್ಲಿ ಮನಸಾರೆ ಬೈದು ಬರೆದಿದ್ದೆ. ಯಾರೋ ಓದಿದ್ದಾರೆ! ಆಪ್ ಮಾಡಿದ ಕಂಪನಿಯ ಸರ್ವೆ ಹುಡುಗಿ ಫೋನ್ ಮಾಡಿದಳು. ಮರ್ಯಾದಸ್ಥೆ.

"ಸರ್, ನಮ್ಮ ಆಪ್‌ನಿಂದ ನಿಮಗೆ ನಿಜವಾಗಿ ಏನು ಬೇಕು ಅಂತ ತಿಳ್ಕೊಳ್ಳೋಣ ಅಂತ. ಐದು ನಿಮಿಷ ಇದೆಯಾ?"

ಎದ್ದು ನಿಂತೆ. ಇಂಥ ಪ್ರಶ್ನೆಗೆ ಕೂತು ಉತ್ತರಿಸುವುದೇ!

"ತಾಯೀ, ನನಗೆ ಸೈಡ್‌ವಿಂಗ್ ಬೇಕು! ರಂಗಕ್ಕೆ ಬರೋ ಮುಂಚೆ ನಟ ಒಂದು ಕ್ಷಣ ಮರೆಯಲ್ಲಿ ನಿಂತು ಮೀಸೆ ಸರಿಮಾಡ್ಕೋತಾನೆ. ನಿಮ್ಮಲ್ಲಿ ಏನು? ಲಿಂಕ್ ಒತ್ತಿದ ತಕ್ಷಣ ಎತ್ತಿ ನಡುರಂಗಕ್ಕೆ ಎಸೀತೀರಿ! ಹಲ್ಲಲ್ಲಿ ಸಿಕ್ಕಿದ್ದನ್ನ ತೆಗೀತಾ ಇರೋವಾಗ ಮೂವತ್ತೊಂದು ಮಕ್ಕಳು ನೋಡಿಬಿಟ್ರು. ಆಮೇಲೆ ಮ್ಯೂಟ್ ಗುಂಡಿ, ಕಾಲ್ ಮುಗಿಸೋ ಗುಂಡಿ ಅಕ್ಕಪಕ್ಕ ಯಾಕೆ? ಕೆಮ್ಮು ಬಂತು ಅಂತ ಮ್ಯೂಟ್ ಮಾಡೋಕೆ ಹೋಗಿ ನಾನೇ ಎರಡು ಸಲ ಸಭಾತ್ಯಾಗ ಮಾಡಿದ್ದೀನಿ. ನನ್ನ ಮುಖ ನನಗೇ ಯಾಕೆ ತೋರಿಸ್ತೀರಿ? ಕನ್ನಡಿ ನೋಡ್ತಾ ಪಾತ್ರ ಮಾಡೋಕಾಗುತ್ತಾ?"

"ಬರ್ಕೋತಾ ಇದ್ದೀನಿ ಸರ್..."

"ಎಲ್ಲಕ್ಕಿಂತ ದೊಡ್ಡದು ಬರ್ಕೊ. ನನಗೆ ನಗು ಬೇಕು. ಕೇಳ್ತಾ ಇರೋವರ ನಗು. ಎಲ್ಲಾದರೂ ಒಂದು ಉಸಿರು, ಒಂದು ಅಯ್ಯೋ, ಒಂದು ಕೆಮ್ಮಾದ್ರೂ ಸರಿ. ಮುಖ ಮಸುಕಾಗಿ ಬಂದ್ರೂ ಚಿಂತೆಯಿಲ್ಲ, ನಗು ಮಾತ್ರ ಕಳಿಸಿಕೊಡಿ."

ಅತ್ತ ಕೀಲಿಮಣೆ ಟಕಟಕ ಅಂದಿತು. ಆಮೇಲೆ ಹುಡುಗಿ, "ಇದನ್ನ ಇದುವರೆಗೆ ಯಾರೂ ಕೇಳಿಲ್ಲ ಸರ್" ಅಂದಳು.

ಅಕ್ಕ ಫೋನ್ ಕಿತ್ತುಕೊಂಡಳು. "ನನಗೆ ಒಂದೇ ಗುಂಡಿ ಸಾಕಮ್ಮ. ದೊಡ್ಡದು. ಪ್ರತಿ ವಾರ ಅದರ ಜಾಗ ಬದಲಾಯಿಸಬೇಡಿ. ಇವನ ಬಾಯಿ ಮುಚ್ಚಿಸೋ ಗುಂಡಿ ಇದ್ರೆ ಅದನ್ನೂ ಕೊಡು."

ಅಟ್ಟಹಾಸದ ಗುಟ್ಟೂ ಬಯಲಾಯಿತು. ಹುಡುಗಿ ಹೇಳಿದಳು: ಆಪ್ ಗದ್ದಲವನ್ನು ತಾನೇ ಅಳಿಸಿಹಾಕುತ್ತದೆ. ನನ್ನ ನಗುವನ್ನು ಮನುಷ್ಯರ ದನಿ ಎಂದು ಅದು ಒಪ್ಪುತ್ತಿಲ್ಲ. ಗೋಡೆ ಕೊರೆಯುವ ಯಂತ್ರ ಎಂದುಕೊಂಡಿದೆ! ಸೆಟ್ಟಿಂಗ್‌ನಲ್ಲಿ ಒಂದು ಟಿಕ್ ತೆಗೆಸಿದಳು. ಫೋನಿನಲ್ಲೇ ಪರೀಕ್ಷೆಗೆಂದು ಒಮ್ಮೆ ನಕ್ಕು ತೋರಿಸಿದೆ.

"ಸಾಕು ಸರ್," ಅಂದಳು, "ಇಲ್ಲಿ ಎಲ್ಲರೂ ತಿರುಗಿ ನೋಡ್ತಾ ಇದ್ದಾರೆ."

ಜೂನ್ ೨೧, ಶನಿವಾರ. ೧೧.೪೫

ಅಟ್ಟಹಾಸ ಹೋಯಿತು! ಮೂವತ್ತೊಂದು ಮನೆಗೂ ಹೋಯಿತು! ಎರಡು ಮನೆಯಲ್ಲಿ ಅಪ್ಪಂದಿರು ಓಡಿಬಂದು ಬಗ್ಗಿ ನೋಡಿದರು.

ಖುಷಿಯಲ್ಲಿ ತಲೆ ನಿಲ್ಲಲಿಲ್ಲ. ಮೇಡಂಗೆ ಹೇಳಿ ಎಲ್ಲರ ಮ್ಯೂಟನ್ನೂ ತೆಗೆಸಿದೆ. ದೇವರೇ! ಕುಕ್ಕರ್, ನಾಯಿ, ಯಾರದೋ ಮನೆಯ ಟಿವಿ. ಯಾರು ಜೋರೋ ಆಪ್ ಅವರನ್ನೇ ದೊಡ್ಡದಾಗಿ ತೋರಿಸುತ್ತದೆ. ರಾಜಕುಮಾರಿ ಬಾಯಿ ತೆರೆಯುವ ಹೊತ್ತಿಗೆ ಪರದೆಯ ತುಂಬ ಒಬ್ಬ ದೊಡ್ಡಪ್ಪ — "ನನ್ನ ಇನ್ನೊಂದು ಕಾಲುಚೀಲ ಯಾರ್ರೀ ತೆಗೆದಿದ್ದು?"

ಮಕ್ಕಳು ಬಿದ್ದು ಬಿದ್ದು ನಕ್ಕರು. ಕೇಳಿಸಿತು! ಕಥೆ ಹಾಳಾಯಿತು, ನಗು ಬಂತು. ಆರು ವಾರದ ಮೇಲೆ.

ವಕೀಲಮ್ಮ ತೀರ್ಪು ಕೊಟ್ಟಳು: "ತಾತ, ನಾವೇ ಬಾಗಿಲು ಹಾಕ್ಕೊಂಡು ಕೂತ್ಕೋತೀವಿ. ಮ್ಯೂಟ್ ಮಾತ್ರ ಬೇಡ."

ಜೂನ್ ೨೨, ಭಾನುವಾರ. ೧೧.೩೦

ಅಕ್ಕನಿಗೆ ನಮಸ್ಕಾರ. ಸಾಷ್ಟಾಂಗ. (ಎದುರಿಗೆ ಹೇಳುವುದಿಲ್ಲ.)

ನಿನ್ನೆ ಸಂಜೆ ಬಟ್ಟೆ ಮಡಿಸುತ್ತ ಕೇಳಿದಳು: "ಟ್ಯಾಬ್ಲೋ ಯಾಕೋ ಬಿಟ್ಟೆ? ಅದಿಲ್ಲದೆ ನಿನ್ನ ಕಥೆಗೆ ಬೆನ್ನುಮೂಳೆ ಇಲ್ಲ."

"ನೆಟ್ ಹೋಯ್ತು ಅಂದ್ಕೋತಾರಲ್ಲ ಅಕ್ಕ."

"ನೀನು ಅಲುಗಬೇಡ. ಹಿಂದೆ ಇನ್ನೇನಾದ್ರೂ ಅಲುಗಿದ್ರೆ ಸಾಕಲ್ವಾ ಮಂಕೇ?"

ಇವತ್ತು ನಾನು ಬಿಲ್ಲು ಎಳೆದು ನಿಂತೆ. ಕಲ್ಲು! ಪಕ್ಕದಿಂದ ಅಕ್ಕನ ಕೈ ಮಾತ್ರ ಕ್ಯಾಮೆರಾದೊಳಗೆ ಬಂತು. ಹಸಿರು ಕರವಸ್ತ್ರ ಹಿಡಿದು ಮೆಲ್ಲಗೆ ಬೀಸಿತು. ನೆಟ್ ಇದೆ, ನಟನೂ ಇದ್ದಾನೆ, ಗಾಬರಿಯಾಗಬೇಡಿ ಎಂದು ಅರ್ಥ. ಒಂದು ಚೌಕವೂ ಆರಲಿಲ್ಲ. ಐದಕ್ಕೆ ಉಸಿರು ನಿಂತಿತು. ಹತ್ತಕ್ಕೆ ಚಪ್ಪಾಳೆ! ಸ್ವಲ್ಪ ತಡವಾಗಿ, ಒಂದೊಂದು ಮನೆಯಿಂದ ಒಂದೊಂದು ಹೊತ್ತಿಗೆ. ಅಕ್ಕಿಯಲ್ಲಿ ಕೈಯಾಡಿಸಿದ ಸದ್ದಿನ ಹಾಗೆ. ಆದರೂ ಚಪ್ಪಾಳೆ ಚಪ್ಪಾಳೆಯೇ.

ಮಕ್ಕಳಿಗೆ ಇದೇ ಆಟವಾಯಿತು. ಕಥೆ ಮುಗಿದ ಮೇಲೂ ಒಬ್ಬೊಬ್ಬರೂ ಹಲ್ಲು ಕಿರಿದುಕೊಂಡು, ಕೈ ಎತ್ತಿಕೊಂಡು ಅಲುಗದೆ ನಿಂತರು.

ಜೂನ್ ೨೭, ಶುಕ್ರವಾರ. ಸಂಜೆ ೪

ನಾಳೆ ಸಾಹೇಬರು. ಆಟ ಆರಿಸಿದ್ದಾಯಿತು: 'ಅರಮನೆಯ ಪ್ರತಿಮೆಗಳು'. ಕಳ್ಳ ಅರಮನೆಗೆ ನುಗ್ಗುತ್ತಾನೆ. ಕಾವಲುಗಾರ ಬರುವ ಸದ್ದು. ಓಡಲು ದಾರಿಯಿಲ್ಲ. ಕಲ್ಲಿನ ಪ್ರತಿಮೆಗಳ ನಡುವೆ ತಾನೂ ಪ್ರತಿಮೆಯಾಗಿ ನಿಲ್ಲುತ್ತಾನೆ. ನಾನು ಕಳ್ಳ. ಮಕ್ಕಳೆಲ್ಲ ಪ್ರತಿಮೆಗಳು.

ಮೇಡಂ ಎರಡು ಸಲ ಫೋನ್ ಮಾಡಿದರು. "ಸರ್, ಸಾಹೇಬ್ರ ಮುಂದೆ ಸ್ವಲ್ಪ ನಿಧಾನವಾಗಿ..." ಎಂದರು. ನಿಧಾನ! ನನಗೆ!

ಊಟ ಸೇರುತ್ತಿಲ್ಲ. ಅಕ್ಕ ನೋಡಿದಳು, ತಟ್ಟೆ ಇನ್ನಷ್ಟು ಹತ್ತಿರ ತಳ್ಳಿದಳು.

ಜೂನ್ ೨೮, ಶನಿವಾರ. ೧೧.೧೫

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಹತ್ತಕ್ಕೆ ಸರಿಯಾಗಿ ಮೂವತ್ತೊಂದು ಮಕ್ಕಳು, ಮೇಡಂ. ಹತ್ತೂ ಹತ್ತಕ್ಕೆ ಸಾಹೇಬರು. ಕ್ಯಾಮೆರಾ ಹಾಕಿರಲಿಲ್ಲ. ಒಂದು ಕಪ್ಪು ಚೌಕ, ಅದರ ಮೇಲೆ ಅವರ ಹುದ್ದೆ ಮಾತ್ರ. ಮೇಡಂ ಮಾತು ತಡವರಿಸಿ ನಮಸ್ಕಾರ ಹೇಳಿದರು, ರೆಕಾರ್ಡಿಂಗ್ ಗುಂಡಿ ಒತ್ತಿದರು. ಸಾಹೇಬರು "ಹ್ಞೂಂ, ಮುಂದುವರಿಸಿ" ಅಂದರು. ಅವರು ಬರುವ ಮುಂಚೆಯೇ ನಾನು ಮಕ್ಕಳಿಗೆ ಪ್ರತಿಮೆಯ ವಿಷಯ ಹೇಳಿ ಮುಗಿಸಿದ್ದೆ. ಅವರಿಗೆ ಅದು ಗೊತ್ತಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ. ನನ್ನ ತಪ್ಪು. ಪೂರಾ ನನ್ನದೇ.

ಆಗಲೇ ವಕೀಲಮ್ಮನ ಆಕ್ಷೇಪಣೆ ಬೇರೆ ಆಗಿತ್ತು: "ಅಜ್ಜಿ, ಇವತ್ತು ಕರವಸ್ತ್ರ ಬೀಸಬೇಡಿ. ಕಲ್ಲಿನ ಮಧ್ಯೆ ಅದು ಆಡಿದ್ರೆ ಕಾವಲುಗಾರನಿಗೆ ಗೊತ್ತಾಗಲ್ವಾ?" ಅಕ್ಕ ತಲೆದೂಗಿ ಕರವಸ್ತ್ರ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಕಳ್ಳ ಗೋಡೆ ಹಾರಿದ. ಕೀಲಿ ತೆಗೆದ. ರತ್ನದ ಪೆಟ್ಟಿಗೆಗೆ ಕೈ ಹಾಕಿದ. "ಅಯ್ಯೋ! ಹೆಜ್ಜೆ ಸಪ್ಪಳ! ಕಾವಲುಗಾರ ಬಂದ!" ಅಂದೆ. ಒಂದು ಕಾಲು ಎತ್ತಿ, ಕೈ ಕೊಂಬೆ ಮಾಡಿ ನಿಂತೆ.

ಮೂವತ್ತೊಂದು ಚೌಕವೂ ಕಲ್ಲಾಯಿತು. ಮೇಡಂ ಕೂಡ! ಗಲ್ಲಕ್ಕೆ ಬೆರಳಿಟ್ಟುಕೊಂಡು. ಎಲ್ಲರ ಮೈಕೂ ತೆರೆದಿದೆ, ಒಂದು ಉಸಿರಿಲ್ಲ.

ಆ ನಿಶ್ಶಬ್ದದಲ್ಲಿ ಕಪ್ಪು ಚೌಕದಿಂದ ಒಂದು ದನಿ.

"ಹಲೋ?"

ಯಾರೂ ಅಲುಗಲಿಲ್ಲ.

"ಹಲೋ... ಹಲೋ... ಕೇಳಿಸ್ತಾ ಇದೆಯಾ? ಯಾರಾದ್ರೂ ಇದ್ದೀರಾ?"

ಮಕ್ಕಳ ಕಣ್ಣು ಅರಳಿತು. ಅವರ ಪಾಲಿಗೆ ಕಾವಲುಗಾರ ಬಂದೇಬಿಟ್ಟ! ಕತ್ತಲಿಂದ, ಮುಖವಿಲ್ಲದೆ. ಇನ್ನಷ್ಟು ಬಿಗಿಯಾದರು.

"ಏನಿದು, ಯಾರೂ ಅಲುಗಾಡ್ತಾನೇ ಇಲ್ವಲ್ಲ! ಮೇಡಂ? ರೀ ಮೇಡಂ! ಇಲ್ಲೇ ಇದ್ರಲ್ಲ ಎಲ್ಲ..."

ನಾನು ಏನು ಮಾಡಬೇಕಿತ್ತು? ಬಾಯಿ ತೆರೆದು 'ಸ್ವಾಮಿ, ಇದು ಅಭಿನಯ' ಎಂದರೆ ಸಾಹೇಬರು ಉಳಿಯುತ್ತಾರೆ, ಆಟ ಸಾಯುತ್ತದೆ. ಮುಚ್ಚಿಕೊಂಡರೆ ಆಟ ಉಳಿಯುತ್ತದೆ, ನಾನು ಮನೆಗೆ. ಮೂವತ್ತೊಂದು ಮಕ್ಕಳು ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತಿದ್ದಾರೆ. ಎತ್ತಿದ ಕಾಲು ಜೋಮು ಹಿಡಿದಿದೆ. ಮೂಲೆಯಲ್ಲಿ ಅಕ್ಕ, ಪ್ರಾಂಪ್ಟರ್ ಆಗಿದ್ದ ದಿನಗಳ ಹಾಗೆ, ತುಟಿಯಲ್ಲೇ ಮಾತು ಎತ್ತಿಕೊಟ್ಟಳು: 'ನಿಲ್ಲು.'

ನಿಂತೆ.

"ಛೆ, ಹಾಳಾದ ನೆಟ್!" ಎಂದಿತು ಕಪ್ಪು ಚೌಕ. ಆರಿಹೋಯಿತು.

ವಕೀಲಮ್ಮ ಕಿರುಚಿದಳು: "ಕಾವಲುಗಾರ ಹೋದ!"

ಆಮೇಲಿನ ನಗುವನ್ನು ಬರೆಯಲು ನನಗೆ ಬರುವುದಿಲ್ಲ. ಲ್ಯಾಪ್‌ಟಾಪ್ ನಿಘಂಟಿನ ಮೇಲೆ ಅದುರಿತು. ತುಂಬಿದ ಡೇರೆಯ ನಗು. ಮೇಡಂ ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ಆಪ್‌ನ ಬಾಗಿಲಾಚೆ ಸಾಹೇಬರು ಮತ್ತೆ ಒಳಗೆ ಬಿಡಿ ಎಂದು ಆರು ನಿಮಿಷ ಕಾಯುತ್ತಿದ್ದದ್ದನ್ನು ಗಮನಿಸಲಿಲ್ಲ. ಅವರು ಬರುವ ಹೊತ್ತಿಗೆ ಕಳ್ಳ ತಪ್ಪಿಸಿಕೊಂಡು, ಕಥೆ ಮುಗಿದು, ಮಕ್ಕಳು ಟಾಟಾ ಮಾಡುತ್ತಿದ್ದರು.

"ರೆಕಾರ್ಡಿಂಗ್ ಕಳಿಸಿ," ಅಂದರು. ಅಷ್ಟೇ.

ಜೂನ್ ೨೮. ಸಂಜೆ ೫

ಸಾಹೇಬರೇ ಫೋನ್ ಮಾಡಿದರು. ನಾನು ಎದ್ದು ನಿಂತೆ. ಅಕ್ಕ ಬಾಗಿಲಲ್ಲಿ.

"ರಿಪೋರ್ಟ್ ನೋಡಿದೆ. ಮಧ್ಯದಲ್ಲಿ ಎದ್ದು ಹೋದವರು ಒಬ್ಬರು ಅಂತಿದೆ."

"ಹೌದು ಸಾಹೇಬ್ರೆ."

"ಯಾರು ಅಂತಲೂ ಇದೆ."

ನಾನು ತಲೆ ತಗ್ಗಿಸಿದೆ. ನನ್ನ ಬಾಳಲ್ಲಿ ಅಪರೂಪ.

"ರೆಕಾರ್ಡಿಂಗೂ ನೋಡಿದೆ. ಮೇಲಿನವರಿಗೆ ಮಾದರಿ ಅಂತ ಕಳಿಸಬೇಕಿತ್ತಲ್ಲ. ಯಾರು ಮಾತಾಡ್ತಾರೋ ಅವರನ್ನ ಮಾತ್ರ ಹಿಡಿಯುತ್ತೆ ಅದು. ನಿಮ್ಮ ಆ ದೊಡ್ಡ ಘಟ್ಟದಲ್ಲಿ ನೀವೂ ಇಲ್ಲ, ಮಕ್ಕಳೂ ಇಲ್ಲ. ಕಪ್ಪು ಚೌಕ, ನನ್ನ ಹುದ್ದೆ, 'ಹಲೋ ಹಲೋ' ಅಂತ ನಾನು! ನನ್ನ ಹೆಂಡತಿ ನಾಲ್ಕು ಸಲ ಹಾಕಿಸಿಕೊಂಡು ನೋಡಿದಳು ರೀ!"

ಅತ್ತ ಹಿಂದಿನಿಂದ ಯಾರೋ ಇನ್ನೂ ನಗುತ್ತಿದ್ದರು.

"ಇದನ್ನ ಊರೂರಿನ ಲೈಬ್ರರಿಗೆ ಕಳಿಸೋಕಾಗುತ್ತಾ? ಸ್ಟುಡಿಯೋದಲ್ಲಿ ತೆಗೆದ್ರೆ ಮಕ್ಕಳೇ ಇರಲ್ಲ, ಆ ನಗುವೂ ಇರಲ್ಲ. ರೆಕಾರ್ಡಿಂಗ್ ಮಾತು ಬಿಟ್ಟುಬಿಡಿ. ನೀವು ಎದುರಿಗೇ ಹೇಳ್ತಾ ಇರಿ. ಹಾಲ್ ಆದ ಮೇಲೆ ಅಲ್ಲಿ. ಬರೆದು ಕಳಿಸಿದ್ದೀನಿ."

ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಸಾಹೇಬರು ಫೋನ್ ಇಡಲಿಲ್ಲ. ಕೆಮ್ಮಿದರು. "ಆ ಹಲ್ಲಿಲ್ಲದ ಹುಡುಗಿ ಮೇಡಂನ ಕೇಳಿದಳಂತೆ. ಕಾವಲುಗಾರನ ಪಾತ್ರ ಮಾಡಿದ ಅಂಕಲ್ ನಾಳೆಯೂ ಬರ್ತಾರಾ ಅಂತ."

"ಹೌದಾ?"

"ಹೌದಂತೆ. ನಾಳೆ ನನಗೆ ರಜೆ. ಎರಡು ಮಾತು ಜಾಸ್ತಿ ಇದ್ರೂ ಪರವಾಗಿಲ್ಲ... ಬರೆದುಕೊಡ್ತೀರಾ?"

ಮಹಾಜನರೇ! ಬರೆದಿದ್ದೇನೆ! ಎರಡಲ್ಲ, ಹದಿನಾಲ್ಕು ಮಾತು, ಒಂದು ಗರ್ಜನೆ! ನಾಳೆ ಬೆಳಿಗ್ಗೆ ಒಂಬತ್ತಕ್ಕೆ ರಿಹರ್ಸಲ್. ಮೊದಲು ಸಾಹೇಬರಿಗೆ ಕ್ಯಾಮೆರಾ ಹಾಕುವುದನ್ನು ಕಲಿಸುತ್ತೇನೆ. ಆಮೇಲೆ ಕಾವಲುಗಾರನ ನಡಿಗೆ, ಕೂತಲ್ಲೇ ನಡೆಯುವುದು ಹೇಗೆಂದು. ಆಮೇಲೆ ಹತ್ತಕ್ಕೆ ಐದು ನಿಮಿಷ ಇರುವಾಗ ನಾನು... ನೆಟ್ ಹೋಗಿಲ್ಲ ಮಹಾಜನರೇ, ನಾನೇ ನಿಂತಿದ್ದೇನೆ.